ಹೋಂಸ್ಟೇ ಸೈಟಿನಿಂದ ಸರ್ಕಾರಿ ಟೆಂಡರಿಗೆ: ನನ್ನ ಅನುಭವ

ಮಡಿಕೇರಿಯಲ್ಲಿ ನಾವು ಮೂವರು ನಡೆಸುವ ವೆಬ್‌ಸೈಟ್ ಕೆಲಸಕ್ಕೆ ಹೋಂಸ್ಟೇಗಳೇ ಆಧಾರವಾಗಿದ್ದವು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಪ್ರವಾಸಿಗರು ಬರುವುದು ನಿಂತಾಗ ನಮಗೆ ಬರುವ ಫೋನುಗಳೂ ನಿಂತವು. ಒಂದೇ ಬಗೆಯ ಗಿರಾಕಿಗಳನ್ನು ನಂಬಿ ಕೂರುವುದು ಬೇಡ ಅಂತ ನಿಧಾನವಾಗಿ ಸರ್ಕಾರಿ ಕೆಲಸದ ಕಡೆ ಹೊರಳಿದೆವು.

ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಆನ್‌ಲೈನ್ ಕಡತಗಳಿಗೆ ಹಾಕುವ ಕ್ಲಾಸ್-3 ಡಿಜಿಟಲ್ ಸಹಿ, ಟೆಂಡರ್ ಪೋರ್ಟಲಿನ ಖಾತೆ ಇವೆಲ್ಲ ಬೇಗ ಮುಗಿದವು. ಮೊದಲ ಟೆಂಡರಿನಲ್ಲಿ, ದರಕ್ಕೂ ಮೊದಲು ಅರ್ಹತೆಯ ದಾಖಲೆ ನೋಡುವ ತಾಂತ್ರಿಕ ಬಿಡ್‌ನಲ್ಲೇ ಬಿದ್ದೆವು. ವಹಿವಾಟಿನ ಸರ್ಟಿಫಿಕೇಟಿನ ಮೇಲೆ ಸಿಎ ಸಹಿ, ಸೀಲು ಎರಡೂ ಇದ್ದವು, ಸಿಎ ಕೊಡುವ ಪ್ರತಿ ಸರ್ಟಿಫಿಕೇಟಿಗೂ ಇರಬೇಕಾದ ಗುರುತಿನ ಸಂಖ್ಯೆ, ಯುಡಿಐಎನ್, ಇರಲಿಲ್ಲ. ನಾವು ಹಾಕಿದ ದರವನ್ನು ತೆರೆದೂ ನೋಡಲಿಲ್ಲ. ಎರಡನೆಯದಕ್ಕೆ ಕೊನೇ ದಿನದವರೆಗೂ ಕಾದೆವು. ಜುಲೈ ತಿಂಗಳು, ಮರ ಬಿದ್ದು ಕರೆಂಟು ಹೋಯಿತು, ಮಧ್ಯಾಹ್ನದ ಹೊತ್ತಿಗೆ ಟವರೂ ಹೋಯಿತು. ಈಗ ಮಳೆಗಾಲದಲ್ಲಿ ಮೂರು ದಿನ ಮೊದಲೇ ಅಪ್‌ಲೋಡ್ ಮಾಡುತ್ತೇವೆ, ಆಗದಿದ್ದರೆ ಲ್ಯಾಪ್‌ಟಾಪ್ ಹಿಡಿದು ಕುಶಾಲನಗರಕ್ಕೆ ಇಳಿಯುತ್ತೇವೆ.

ಕಡೆಗೆ ಕೆಲಸ ಸಿಕ್ಕಿದ್ದು ಬೆಂಗಳೂರಿನ ಕಂಪನಿಯೊಂದರ ಉಪಗುತ್ತಿಗೆಯಾಗಿ. ಅದರಲ್ಲಿ ಕೋಡ್ ಬರೆದದ್ದು ಕಾಲುಭಾಗ. ಸರ್ಕಾರಿ ಕಚೇರಿಯಿಂದ ಬಂದ ಆದೇಶ, ಸುತ್ತೋಲೆಗಳೆಲ್ಲ ಹಳೇ ನುಡಿ ಫಾಂಟಿನಲ್ಲಿದ್ದವು. "ಕನ್ನಡದಲ್ಲೇ ಇದೆಯಲ್ಲ ಸಾರ್, ಹಾಗೇ ಹಾಕ್ಬಿಡಿ" ಅಂದರು ಕೇಸ್ ವರ್ಕರ್. ಪೇಸ್ಟ್ ಮಾಡಿದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದ್ದು. ಫಾಂಟ್ ಇಲ್ಲದ ಮೊಬೈಲಿಗೆ ಅದು ಕನ್ನಡವೇ ಅಲ್ಲ. ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದಿಲ್ಲ. ಎಲ್ಲ ಫೋನು, ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಿಸಿ, ಕಲಸಿಹೋದ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದೇ ಕಡತ ಹಿಡಿದು ತಿದ್ದಿದೆವು. ಪಿಂಚಣಿ ಯೋಜನೆಯ ಪುಟವನ್ನು ಫೋನು ಮೊದಲ ಸಲ ಕನ್ನಡದಲ್ಲಿ ಗಟ್ಟಿಯಾಗಿ ಓದಿದಾಗ ಮೂವರೂ ಕೈಕೆಲಸ ಬಿಟ್ಟು ಕೇಳಿದೆವು. ಸರ್ಕಾರಿ ವೆಬ್‌ಸೈಟುಗಳ ಮಾರ್ಗಸೂಚಿ, ಜಿಐಜಿಡಬ್ಲ್ಯು, ಕೇಳುವುದೂ ಇಂಥದ್ದನ್ನೇ. ಟೆಂಡರ್ ಹಾಕುವ ಮೊದಲು ಅದನ್ನು ಪೂರ್ತಿ ಓದಿ.

ಆಮೇಲೆ ನಮ್ಮದೇ ಹೆಸರಿನಲ್ಲಿ ಗೆದ್ದ ಟೆಂಡರಿನಲ್ಲಿ ಭದ್ರತಾ ಆಡಿಟ್‌ನ ಲೆಕ್ಕ ತಪ್ಪಿತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಆಡಿಟ್ ಸಂಸ್ಥೆ ಸರ್ಟಿಫಿಕೇಟ್ ಕೊಡದೆ ಸೈಟು ಸರ್ಕಾರಿ ಸರ್ವರಿಗೆ ಏರಲಿಲ್ಲ. ಆ ಖರ್ಚನ್ನು ದರದಲ್ಲಿ ಸೇರಿಸಿರಲಿಲ್ಲ. ಸಣ್ಣ ಉದ್ದಿಮೆಗಳ 2006ರ ಕಾಯ್ದೆಯ ಪ್ರಕಾರ ನಮ್ಮಂಥವರಿಗೆ 45 ದಿನದೊಳಗೆ ಹಣ ಬರಬೇಕು. ನಮ್ಮ ಬಿಲ್ ಪಾಸಾದದ್ದು ಐದನೇ ತಿಂಗಳಿಗೆ. ಅಲ್ಲಿಯವರೆಗೆ ಬಾಡಿಗೆ, ಸಂಬಳ ನಡೆದದ್ದು ಹೋಂಸ್ಟೇ ಸೈಟುಗಳ ವಾರ್ಷಿಕ ನಿರ್ವಹಣೆಯ ದುಡ್ಡಿನಲ್ಲಿ. ಆ ಹಳೇ ಗಿರಾಕಿಗಳಲ್ಲಿ ಒಬ್ಬರನ್ನೂ ನಾವು ಬಿಟ್ಟಿಲ್ಲ.