ಸಣ್ಣ ಕ್ಯಾಲಿಬರ್ ಪಿಸ್ತೂಲಿನಿಂದ ವೇಗವಾಗಿ ಗುಂಡು ಹಾರಿಸುವಾಗ ಹಿನ್ನೊದೆತವನ್ನು ನಿಭಾಯಿಸುವ ಬಗೆ

ಹೆಸರಲ್ಲಿ ರೈಫಲ್ ಎಂದಿದ್ದರೂ ಸಣ್ಣ ಕ್ಯಾಲಿಬರ್ ಪಿಸ್ತೂಲಿಗೂ ಬಳಸುವ .22 ಲಾಂಗ್ ರೈಫಲ್ ಗುಂಡಿನ ಒದೆತ ಬಲು ಚಿಕ್ಕದು. ನಿಧಾನವಾಗಿ ಒಂದೊಂದೇ ಗುಂಡು ಹಾರಿಸುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಸಾಲಾಗಿ ನಿಂತ ಐದು ಟಾರ್ಗೆಟ್‌ಗಳಿಗೆ ಒಂದೇ ಕೈಯಿಂದ ಐದು ಗುಂಡುಗಳನ್ನು ಮೊದಲು 8, ಆಮೇಲೆ 6, ಕೊನೆಗೆ 4 ಸೆಕೆಂಡುಗಳಲ್ಲಿ ಹಾರಿಸಬೇಕಾಗುತ್ತದೆ. 4 ಸೆಕೆಂಡುಗಳ ಸುತ್ತಿನಲ್ಲಿ ಮೊದಲ ಗುಂಡಿಗೇ ಒಂದೂವರೆ ಸೆಕೆಂಡು ಕಳೆದರೆ, ಉಳಿದ ನಾಲ್ಕಕ್ಕೆ ತಲಾ 0.6 ಸೆಕೆಂಡಿನಷ್ಟು ಮಾತ್ರ ಸಿಗುತ್ತದೆ. ಅಷ್ಟರೊಳಗೆ ಎಗರಿದ ನಳಿಗೆ ತಾನಾಗಿಯೇ ಇಳಿದು ಸರಿಯಾದ ಜಾಗಕ್ಕೆ ಬರಬೇಕು.

ಇಲ್ಲಿ ಹೆಚ್ಚಿನವರು ಎಡವುವುದು ಒದೆತವನ್ನು ತಡೆಯಲು ಹೋಗಿ. ಅದನ್ನು ತಡೆಯಲಾಗದು, ಪ್ರತಿ ಬಾರಿಯೂ ಒಂದೇ ದಾರಿಯಲ್ಲಿ ಏರಿ ಒಂದೇ ದಾರಿಯಲ್ಲಿ ಇಳಿಯುವಂತೆ ಮಾಡಬಹುದು, ಅಷ್ಟೇ. ಇದಕ್ಕೆ ಮೂಲ ಹಿಡಿತ. ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಸಂದು ಹಿಡಿಕೆಯ ಮೇಲ್ತುದಿಗೆ ಒತ್ತಿಕೊಂಡಿರಬೇಕು, ಏಕೆಂದರೆ ಕೈ ನಳಿಗೆಗೆ ಹತ್ತಿರವಾದಷ್ಟೂ ಪಿಸ್ತೂಲು ಮೇಲಕ್ಕೆ ತಿರುಗುವುದು ಕಡಿಮೆಯಾಗುತ್ತದೆ. ಒತ್ತಡ ಮುಖ್ಯವಾಗಿ ನಡುಬೆರಳು, ಉಂಗುರಬೆರಳುಗಳಿಂದ ಅಂಗೈಯ ಕಡೆಗೆ ನೇರವಾಗಿ ಬೀಳಲಿ; ಹೆಬ್ಬೆರಳು ಒತ್ತಿದರೆ ನಳಿಗೆ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದಕ್ಕಿಂತ, ಮೊದಲ ಗುಂಡಿನಿಂದ ಐದನೆಯದರವರೆಗೆ ಆ ಬಿಗಿ ಬದಲಾಗದಿರುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ಕೈ ನಡುಗುವಷ್ಟು ಬಿಗಿದು ಹಿಡಿದವರ ಹಿಡಿತ ಮೂರನೆಯ ಗುಂಡಿಗೇ ಸಡಿಲವಾಗುತ್ತದೆ.

ಮಣಿಕಟ್ಟು ಮತ್ತು ಮೊಣಕೈ ಗಟ್ಟಿಯಾಗಿದ್ದು, ಒದೆತ ಭುಜದವರೆಗೆ ಹರಿಯುವಂತಿರಬೇಕು. ಮಣಿಕಟ್ಟು ಸಡಿಲವಾದರೆ ನಳಿಗೆ ಹೆಚ್ಚು ಎಗರುವುದಲ್ಲದೆ, ಅರೆ-ಸ್ವಯಂಚಾಲಿತ ಪಿಸ್ತೂಲಿನ ಸ್ಲೈಡ್ (ಗುಂಡು ಹಾರಿದಾಗ ಹಿಂದಕ್ಕೆ ಸರಿದು ಮುಂದಿನ ಗುಂಡನ್ನು ತುಂಬುವ ಭಾಗ) ಪೂರ್ಣವಾಗಿ ಹಿಂದೆ ಸರಿಯದೆ ಮುಂದಿನ ಗುಂಡು ಸಿಕ್ಕಿಕೊಳ್ಳುವುದೂ ಉಂಟು. ದೇಹದ ಭಾರ ತುಸು ಮುಂದಿರಲಿ. ನಿಂತ ಭಂಗಿಯನ್ನು ಪರೀಕ್ಷಿಸಲು ಖಾಲಿ ಪಿಸ್ತೂಲು ಹಿಡಿದು ಕಣ್ಣು ಮುಚ್ಚಿ ತೋಳನ್ನು ಎತ್ತಿ, ಕಣ್ಣು ತೆರೆದಾಗ ನಳಿಗೆ ಗುರಿಯಿಂದ ಪಕ್ಕಕ್ಕಿದ್ದರೆ ತೋಳನ್ನು ಎಳೆಯದೆ ಪಾದವನ್ನು ಸರಿಸಿಕೊಳ್ಳಬೇಕು.

ಟಾರ್ಗೆಟ್‌ನಿಂದ ಟಾರ್ಗೆಟ್‌ಗೆ ತಿರುಗುವಾಗ ತೋಳನ್ನು ಮಾತ್ರ ಬೀಸದೆ ಸೊಂಟದಿಂದ ಮೇಲಿನ ದೇಹವನ್ನೆಲ್ಲ ಒಟ್ಟಾಗಿ ತಿರುಗಿಸಬೇಕು. ನಳಿಗೆ ಏರಿ ಇಳಿಯುವ ಹೊತ್ತೇ ಈ ತಿರುಗುವಿಕೆಗೆ ಸಿಗುವ ಹೊತ್ತು. ಅದು ಇಳಿದು ನಿಂತ ಮೇಲೆ ಹೊರಡುವವರಿಗೆ 4 ಸೆಕೆಂಡು ಸಾಲುವುದಿಲ್ಲ. ಕಣ್ಣು ನಳಿಗೆಯ ಮುಂತುದಿಯಲ್ಲಿ ಗುರಿ ಹಿಡಿಯಲು ಇರುವ ಸೈಟ್‌ ಮೇಲೆಯೇ ಇರಲಿ, ತಿರುಗುತ್ತಿರುವಾಗಲೇ ಬೆರಳು ಟ್ರಿಗರ್‌ನ ಮೊದಲ ಭಾರವನ್ನು (ಗುಂಡು ಸಿಡಿಯುವ ಮುನ್ನ ಅದು ಹಿಂದೆ ಸರಿಯುವ ಮೊದಲ ಹಂತವನ್ನು) ತೆಗೆದುಕೊಳ್ಳಲಿ.

ಗುಂಡು ಸಿಡಿಯುವ ಮೊದಲೇ ಕೈ ಕೆಳಕ್ಕೆ ತಳ್ಳುವ ಚಾಳಿಯನ್ನು ಪತ್ತೆ ಹಚ್ಚಲು ಮ್ಯಾಗಜೀನ್‌ನಲ್ಲಿ ಒಂದೆರಡು ಡಮ್ಮಿ (ಸಿಡಿಯದ) ಗುಂಡುಗಳನ್ನು ಬೇರೆಯವರಿಂದ ತುಂಬಿಸಿಕೊಂಡು, ತರಬೇತುದಾರರ ಕಣ್ಣೆದುರು ಹಾರಿಸಿ ನೋಡಬೇಕು: ಡಮ್ಮಿ ಬಂದಾಗ ನಳಿಗೆ ತಲೆಬಾಗಿದರೆ ದೋಷ ಅಲ್ಲಿಯೇ ಇದೆ. ರೇಂಜಿನಲ್ಲಿ ಕಿವಿಗೂ ಕಣ್ಣಿಗೂ ರಕ್ಷಣೆ ಇರಲೇಬೇಕೆಂದು ಬೇರೆ ಹೇಳಬೇಕಿಲ್ಲ. ಗುಂಡಿಲ್ಲದೆ ಅಭ್ಯಾಸ ಮಾಡುವಾಗ ಖಾಲಿ ಚೇಂಬರಿನ (ಗುಂಡು ಕೂರುವ ಗೂಡಿನ) ಮೇಲೆ ಟ್ರಿಗರ್ ಎಳೆದರೆ ಅನೇಕ .22 ಪಿಸ್ತೂಲುಗಳ ಫೈರಿಂಗ್ ಪಿನ್ (ಗುಂಡಿಗೆ ಬಡಿದು ಸಿಡಿಸುವ ಮೊಳೆ) ಚೇಂಬರಿನ ಅಂಚಿಗೆ ಬಡಿದು ಹಾಳಾಗುತ್ತದೆ. ಆದ್ದರಿಂದ ಡ್ರೈ ಫೈರಿಂಗ್ (ಗುಂಡಿಲ್ಲದೆ ಟ್ರಿಗರ್ ಎಳೆಯುವ) ವ್ಯವಸ್ಥೆಯಿರುವ ಪಿಸ್ತೂಲನ್ನೋ, ಪಿನ್ನಿನ ಹೊಡೆತ ತಾಳಿಕೊಳ್ಳುವ ಡಮ್ಮಿಯಾದ ಸ್ನ್ಯಾಪ್ ಕ್ಯಾಪನ್ನೋ ಬಳಸಬೇಕು.