ದಾನದ ಗಾಡಿಗೆ ದಿನ ಗೊತ್ತು ಮಾಡಿದ್ದು

ದಾವಣಗೆರೆಯಲ್ಲಿ ನಾವು ಏಳೆಂಟು ಜನ ಸೇರಿ ಮನೆಮನೆಯಿಂದ ಬಟ್ಟೆ, ಪಾತ್ರೆ, ಪುಸ್ತಕ ಕೂಡಿಸಿ ಬೇಕಾದವರಿಗೆ ಮುಟ್ಟಿಸುತ್ತೇವೆ. ಮೊದಮೊದಲು ಎಲ್ಲವೂ ಫೋನಿನಲ್ಲೇ. ನಿಟುವಳ್ಳಿಗೆ ಹೋದ ಲಗೇಜ್ ಆಟೋವನ್ನು ಹಳೇಪೇಟೆಗೆ ತಿರುಗಿಸಿ, ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಕಾದು ಕಾದು ಅರ್ಧ ದಿನ ಕಳೆಯುತ್ತಿತ್ತು. ಗಾಡಿ ಬರುವ ದಿನವನ್ನು ಕೊಡುವವರೇ ಆರಿಸಿಕೊಳ್ಳುವಂತೆ ಆನ್‌ಲೈನ್ ಬುಕಿಂಗ್ ಸಿದ್ಧಮಾಡುವ ಹೊಣೆ ನಾನು ಹೊತ್ತೆ.

ಶುರು ಮಾಡಿದ್ದು ಗೂಗಲ್ ಫಾರ್ಮಿನಿಂದ. ಒಂದು ಹೊತ್ತಿಗೆ ಇಷ್ಟೇ ಮನೆ ಎಂದು ಮಿತಿ ಹಾಕುವ ಸೌಲಭ್ಯ ಅದರಲ್ಲಿ ತಾನಾಗಿ ಇಲ್ಲ. ಎಲ್ಲರೂ ಭಾನುವಾರ ಬೆಳಿಗ್ಗೆ ಹತ್ತನ್ನೇ ಒತ್ತಿದರು. ಆಮೇಲೆ ನಾನೇ ಸಣ್ಣದೊಂದು ಪುಟ ಕಟ್ಟಿ, ದಿನಾಂಕಕ್ಕೆ ಮುಂಚೆ ಬಡಾವಣೆ ಕೇಳಿದೆ. ವಿದ್ಯಾನಗರ ಎಂದು ಒತ್ತಿದರೆ ಆ ಕಡೆ ಗಾಡಿ ಹೋಗುವ ದಿನಗಳಷ್ಟೇ ಕಾಣುತ್ತವೆ. ಅರ್ಧ ಗೋಳು ಅಲ್ಲಿಗೇ ತೀರಿತು.

ಆದರೂ ಮಂಗಳವಾರ, ಶುಕ್ರವಾರ ಬುಕ್ ಮಾಡಿದವರು ಹಿಂದಿನ ರಾತ್ರಿ ಬೇಡವೆನ್ನುತ್ತಿದ್ದರು. ಪುಟದಲ್ಲೇ ದೋಷವಿದೆಯೆಂದು ಎರಡು ವಾರ ತಡಕಾಡಿದೆ. ಅಮ್ಮನಿಗೆ ಹೇಳಿದಾಗ, 'ಮಂಗಳವಾರ, ಶುಕ್ರವಾರ ಮನೆಯಿಂದ ಯಾರಾದರೂ ಏನಾದರೂ ಹೊರಗೆ ಕೊಡ್ತಾರೇನೋ?' ಎಂದಳು. ಆ ಎರಡು ದಿನ, ಅಮಾವಾಸ್ಯೆ, ದೀಪ ಹಚ್ಚಿದ ಮೇಲಿನ ಹೊತ್ತು ಎಲ್ಲವನ್ನೂ ತೆಗೆದೆ. ಜನರ ನಂಬಿಕೆಯನ್ನು ತಿದ್ದುವುದು ಬುಕಿಂಗ್ ಪುಟದ ಕೆಲಸವಲ್ಲ.

'ಎಷ್ಟು ಕೆಜಿ?' ಎಂದರೆ ಯಾರೂ ತೂಗಿ ಹೇಳಲಾರರು. '25 ಕೆಜಿ ಅಕ್ಕಿ ಚೀಲದಲ್ಲಿ ತುಂಬಿದರೆ ಎಷ್ಟು ಚೀಲ?' ಎಂದು ಬದಲಿಸಿದೆ. ಗಾಡಿಯಲ್ಲಿ ಜಾಗದ ಲೆಕ್ಕ ಸರಿಹೋಯಿತು. ಬೀರು, ಮಂಚ ಇದ್ದರೆ ಎಷ್ಟನೇ ಮಹಡಿ ಎಂದೂ ಕೇಳಬೇಕು. ತೆರಿಗೆ ರಿಯಾಯಿತಿಯ ವಿಷಯ ಮೊದಲೇ ಬರೆದುಬಿಡುವುದು ಒಳ್ಳೆಯದು: ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಹಣದ ದೇಣಿಗೆಗೆ ಮಾತ್ರ ಅನ್ವಯಿಸುತ್ತದೆ, ಬಟ್ಟೆ ಪಾತ್ರೆಗಲ್ಲ.

ನನ್ನನ್ನು ಈಗಲೂ ಕಾಡುವುದು 'ಕೊಡುತ್ತಿರುವ ಕಾರಣ' ಎಂಬ ಖಾನೆ. ಅದನ್ನು ತುಂಬದೆ ಮುಂದೆ ಹೋಗಲಾಗದಂತೆ ಮಾಡಿದ್ದೆ. ಒಂದು ಸಂಜೆ ವಯಸ್ಸಾದ ತಾಯಿಯೊಬ್ಬರು ಫೋನ್ ಮಾಡಿದರು. ಯಜಮಾನರ ಪಂಚೆ, ಅಂಗಿಗಳನ್ನು ಒಗೆದು ಮಡಿಸಿಟ್ಟಿದ್ದರು. 'ಮೊಮ್ಮಗ ಮೊಬೈಲ್ ಒತ್ತಿಕೊಟ್ಟ. ಕಾರಣ ಬರೀಬೇಕಂತೆ. ಏನಂತ ಬರೆಸಲಪ್ಪಾ?' ಎಂದರು. ನನಗೆ ಉತ್ತರ ಹೊಳೆಯಲಿಲ್ಲ. 'ಏನೂ ಬೇಡಮ್ಮ, ನಾನೇ ಬರ್ತೀನಿ' ಎಂದೆ. ಅಂದೇ ರಾತ್ರಿ ಆ ಖಾನೆ ಅಳಿಸಿದೆ.

ಈಗ ಅಲ್ಲಿ ಇರುವುದು 'ನಮ್ಮ ಹುಡುಗರಿಗೆ ಏನಾದರೂ ಹೇಳುವುದಿದ್ದರೆ ಬರೆಯಿರಿ' ಎಂಬ ಸಾಲು. ಬಹಳ ಮಂದಿ ಖಾಲಿ ಬಿಡುತ್ತಾರೆ. ಕೆಲವರು 'ನಾಯಿ ಇದೆ, ಗೇಟಿನಲ್ಲೇ ಕೂಗಿ' ಎಂದು ಬರೆಯುತ್ತಾರೆ. ಒಬ್ಬರು, 'ಮೇಲಿನ ಚೀಲದಲ್ಲಿರುವ ಸ್ವೆಟರ್ ಹೊಸದು, ಮಕ್ಕಳಿಗೇ ಕೊಡಿ' ಎಂದಿದ್ದರು.