ಒಂದೇ ಗಾಲಿ ಕಾಯಾಕತ್ತಿದ್ರ

ಕಾರಿನ ಒಂದೇ ಗಾಲಿ ಕಾಯಾಕತ್ತಿದ್ರ ಬ್ರೇಕ್ ಹಿಡಕೊಂಡಿರಬಹುದು. ಹೊಸಪೇಟೆಯಿಂದ ಕೊಪ್ಪಳಕ್ಕ ಬಂದು ಗಾಡಿ ನಿಲ್ಲಿಸಿದ್ಮ್ಯಾಲ ರಿಮ್ಮಿಗೆ ಕೈ ಹಚ್ಚಬ್ಯಾಡ್ರಿ. ಹತ್ರ ಹಿಡಿದ್ರ ಸಾಕು, ಝಳ ತಿಳೀತೈತಿ. ಮುಂದಿನ ಗಾಲಿ ಹೆಚ್ಚು ಕಾಯೋದು ಸಹಜ, ಎಡ-ಬಲ ಹೋಲಿಸ್ರಿ.

ಆರಿದ್ಮ್ಯಾಲ ಜಾಕ್ ಹಚ್ಚಿ, ಸ್ಟ್ಯಾಂಡ್ ಕೊಟ್ಟು, ನ್ಯೂಟ್ರಲ್‌ನಾಗ ತಿರುಗಿಸ್ರಿ. ಬಿಗಿ ಇದ್ರ ಬ್ಲೀಡರ್ ನಿಪ್ಪಲ್ (ಬ್ರೇಕ್ ಆಯಿಲ್, ಏರ್ ಹೊರಗ ಬಿಡೋ ಸಣ್ಣ ಸ್ಕ್ರೂ) ಸ್ವಲ್ಪ ಸಡಿಲಿಸ್ರಿ. ಆಯಿಲ್ ಚಿಮ್ಮಿ ಗಾಲಿ ಬಿಟ್ಟುಕೊಂಡ್ರ ಆ ಆಯಿಲ್ ಬರೋ ರಬ್ಬರ್ ಹೋಸ್ ಒಳಗ ಕಟ್ಟೈತಿ ಅನ್ರಿ. ಬಿಡಲಿಲ್ಲಂದ್ರ ಕ್ಯಾಲಿಪರ್ (ಪ್ಯಾಡ್ ಒತ್ತಿ ಡಿಸ್ಕ್ ಹಿಡಿಯೋ ಭಾಗ) ಪಿಸ್ಟನ್, ಇಲ್ಲಾ ಕ್ಯಾಲಿಪರ್ ಸರಿದಾಡೋ ಸ್ಲೈಡ್ ಪಿನ್ ಹಿಡಕೊಂಡೈತಿ.

ಗಿಣಿಗೇರಿ ಕಡೆ ಅದಿರಿನ ಲಾರಿ ಹಿಂದ ಓಡೋ ಗಾಡಿ ಬಂದ್ರ ನಾನು ಮೊದಲು ಪಿನ್ನೇ ಬಿಚ್ಚೋದು. ಪಿನ್ನಿನ ರಬ್ಬರ್ ಬೂಟ್ ಹರಿದು, ಗ್ರೀಸ್‌ನಾಗ ಕೆಂಪು ಧೂಳು ಸೇರಿ ಹಲ್ವಾ ಆಗಿರ್ತೈತಿ. ಒಂದು ಪ್ಯಾಡ್ ಸವೆದು ಜೋಡಿ ಪ್ಯಾಡ್ ದಪ್ಪ ಉಳಿದಿದ್ರ ಅನುಮಾನ ಪಿನ್ನಿನ ಮ್ಯಾಲೇ.

ಗಾಲಿ ಹಗುರ ತಿರುಗಿ ಗರಗರ ಅಂದ್ರ ಬೇರಿಂಗ್. ಕಾದಿದ್ದು ಹಿಂದಿನ ಗಾಲಿ ಆದ್ರ ಹ್ಯಾಂಡ್‌ಬ್ರೇಕ್ ಕೇಬಲ್ ನೋಡ್ರಿ. ನಿಪ್ಪಲ್ ಸಡಿಲಿಸಿದ್ರ ಬ್ರೇಕ್ ಲೈನಿನ ಏರ್ ತೆಗೀದೆ ರೋಡಿಗೆ ಇಳಿಸಬ್ಯಾಡ್ರಿ.